ಹಲಸಿನ ಹಪ್ಪಳ ಕೆಂಪಾಗುವುದು ಯಾಕೆ? ಅಕ್ಕಿ, ಹುಲ್ಲು, ಬೆಲ್ಲ, ಅಣಬೆ ಎಲ್ಲದರ ಮಾತು ಇಲ್ಲೇ ಆಡೋಣ

ಸಾಗರದ ಸೊಸೆ
ಎಲ್ಲರಿಗೂ ನಮಸ್ಕಾರ. ಈ ಸಲ ನಮ್ಮಲ್ಲಿ ಹಲಸು ಚೆನ್ನಾಗಿ ಬಂತು. ಮಳೆಗಾಲಕ್ಕೆ ಅಂತ ಹಪ್ಪಳ ಮಾಡಿ ಡಬ್ಬ ತುಂಬಿಟ್ಟಿದ್ದೇವೆ. ಆದರೆ ಒಂದು ಕಾಯಿಯ ಹಪ್ಪಳ ಮಾತ್ರ ಬೇರೆ ಥರ. ಎಣ್ಣೆಗೆ ಬಿಟ್ಟ ಕೂಡಲೇ ಕೆಂಪಾಗುತ್ತದೆ. ಸರಿಯಾಗಿ ಅರಳುವುದೂ ಇಲ್ಲ. ತಿಂದರೆ ಸ್ವಲ್ಪ ಕಹಿ. ಅದೇ ಉಪ್ಪು, ಅದೇ ಖಾರ, ಅದೇ ಬಿಸಿಲು. "ಆ ಕಾಯಿ ದೋರೆ ಆಗಿತ್ತು, ಅದಕ್ಕೇ" ಅಂತಾರೆ ಅತ್ತೆ. ಅವರ ಮಾತು ಸರಿಯೇ ಇರುತ್ತದೆ. ನನಗೆ ಬೇಕಿರುವುದು ಕಾರಣ. ದೋರೆ ಆದರೆ ಒಳಗೆ ಏನು ಬದಲಾಗುತ್ತದೆ?

ಬಯಾಲಜಿ ಮೇಷ್ಟ್ರು, ತೀರ್ಥಹಳ್ಳಿ
ನಿಮ್ಮ ಅತ್ತೆಯವರು ಹೇಳಿದ್ದೇ ಉತ್ತರ ಅಮ್ಮಾ. ನಾನು ಅದರ ಒಳಗಿನದ್ದು ಹೇಳುತ್ತೇನೆ.

ಬಲಿತ ಹಲಸಿನಕಾಯಿಯ ತೊಳೆಯಲ್ಲಿ ಪಿಷ್ಟ ತುಂಬಿರುತ್ತದೆ. ಬೇಯಿಸಿ ಕುಟ್ಟಿದಾಗ ಆ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಹಿಟ್ಟು ಹಪ್ಪಳ ಒತ್ತುವ ಹದಕ್ಕೆ ಬರುವುದು ಅದರಿಂದಲೇ. ಒಣಗಿದ ಹಪ್ಪಳ ಬಿಸಿ ಎಣ್ಣೆಗೆ ಬಿದ್ದಾಗ ಉಳಿದ ಚೂರು ತೇವ ಆವಿಯಾಗಿ ಅದನ್ನು ಅರಳಿಸುತ್ತದೆ. ಕಾಯಿ ದೋರೆಯಾಗುತ್ತಿದ್ದ ಹಾಗೆ ಅದರೊಳಗಿನ ಕಿಣ್ವಗಳು ಪಿಷ್ಟವನ್ನು ತುಂಡು ಮಾಡಿ ಸಕ್ಕರೆ ಮಾಡಲು ಶುರು ಮಾಡುತ್ತವೆ. ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್. ಹಣ್ಣಿನ ಸಿಹಿ ಅಂದರೆ ಇವು.

ಈ ಗ್ಲೂಕೋಸ್, ಫ್ರಕ್ಟೋಸ್ ಇವೆಯಲ್ಲ, ಬಿಸಿ ತಾಗಿದರೆ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳ ಜೊತೆ ಸೇರಿ ಕಂದು ಬಣ್ಣ ಕೊಡುತ್ತವೆ. ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ 1912ರಲ್ಲಿ ಇದನ್ನು ವಿವರಿಸಿದರು. ಅವರ ಹೆಸರಿನಲ್ಲೇ ಮಯಾರ್ ಕ್ರಿಯೆ ಅಂತಾರೆ. ದೋಸೆ ಕೆಂಪಾಗುವುದು, ಕಾಫಿ ಬೀಜ ಹುರಿದಾಗ ಬಣ್ಣ ಬರುವುದು, ಎಲ್ಲದರಲ್ಲೂ ಇದರ ಪಾಲಿದೆ. ಸಕ್ಕರೆ ಜಾಸ್ತಿ ಇದ್ದರೆ ಬಣ್ಣ ಬೇಗ ಬರುತ್ತದೆ. ನಿಮ್ಮ ಹಪ್ಪಳ ಅರಳುವ ಮುಂಚೆಯೇ ಸೀಯಲು ಶುರುವಾಗಿದೆ, ಅಷ್ಟೇ. ಮುಂದಿನ ಸಲ ದೋರೆಗಾಯಿ ಸಿಕ್ಕರೆ ಹಪ್ಪಳಕ್ಕೆ ಬೇಡ. ಎರಡು ದಿನ ಬಿಟ್ಟು ಹಣ್ಣಾದ ಮೇಲೆ ಕಡುಬು ಮಾಡಿ.

ಕೊಪ್ಪದ ಕಾಫಿ
ಫ್ರಿಜ್ಜಿನಲ್ಲಿಟ್ಟ ಆಲೂಗಡ್ಡೆ ಚಿಪ್ಸೂ ಹೀಗೇ ಕಪ್ಪಾಗುತ್ತದೆ ಅಲ್ವಾ ಮೇಷ್ಟ್ರೇ?

ಬಯಾಲಜಿ ಮೇಷ್ಟ್ರು, ತೀರ್ಥಹಳ್ಳಿ
ಹೌದು, ಅದೇ ಕಾರಣ. ತುಂಬಾ ತಣ್ಣಗಿಟ್ಟರೆ ಆಲೂಗಡ್ಡೆ ತನ್ನ ಪಿಷ್ಟವನ್ನು ಸ್ವಲ್ಪ ಸ್ವಲ್ಪ ಸಕ್ಕರೆ ಮಾಡಿಕೊಳ್ಳುತ್ತದೆ. ಚಿಪ್ಸ್ ಮಾಡುವ ಆಲೂಗಡ್ಡೆಯನ್ನು ಹೊರಗೇ ಇಡಿ.

ಸಿಹಿಗೆಣಸಿನದ್ದು ಇನ್ನೂ ಚಂದ. ಅದರಲ್ಲಿ ಪಿಷ್ಟ ಕತ್ತರಿಸುವ ಒಂದು ಕಿಣ್ವ ಇದೆ. 60ರಿಂದ 75 ಡಿಗ್ರಿ ಬಿಸಿಯಲ್ಲಿ ಅದು ಚೆನ್ನಾಗಿ ಕೆಲಸ ಮಾಡಿ ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಬೂದಿಯಲ್ಲಿ ಹುಗಿದಿಟ್ಟ ಗೆಣಸು ನಿಧಾನಕ್ಕೆ ಬಿಸಿಯಾಗುವುದರಿಂದ ಆ ಕಿಣ್ವಕ್ಕೆ ಸಮಯ ಸಿಗುತ್ತದೆ. ಕುಕ್ಕರಿನಲ್ಲಿ ಬೇಗ ಬೇಯಿಸಿದರೆ ಅಷ್ಟು ಸಮಯ ಇಲ್ಲ. ಸುಟ್ಟ ಗೆಣಸು ಸಿಹಿ ಜಾಸ್ತಿ ಅಂತ ಎಲ್ಲರೂ ಹೇಳುವುದು ಸುಮ್ನೆ ಅಲ್ಲ.

ಪಿಯುಸಿ ಹುಡುಗಿ, ಶಿವಮೊಗ್ಗ
ಸರ್, ನಮಗೆ ಇದೇ ಪಾಠ ನಡೆಯುತ್ತಿದೆ. ಮಾನೋಸ್ಯಾಕರೈಡ್, ಡೈಸ್ಯಾಕರೈಡ್, ಪಾಲಿಸ್ಯಾಕರೈಡ್ ಅಂತ ಬಾಯಿಪಾಠ ಮಾಡಿದ್ದೇನೆ. ಆದರೆ ತಲೆಗೆ ಹತ್ತುತ್ತಿಲ್ಲ. ಪಿಷ್ಟವೂ ಗ್ಲೂಕೋಸಿನಿಂದ ಆಗಿದೆ, ಸೆಲ್ಯುಲೋಸೂ ಗ್ಲೂಕೋಸಿನಿಂದ ಆಗಿದೆ ಅಂತ ಬರೆದಿದ್ದಾರೆ. ಹಾಗಾದರೆ ಎರಡೂ ಒಂದೇ ಆಗಬೇಕಿತ್ತಲ್ಲ?

ಬಯಾಲಜಿ ಮೇಷ್ಟ್ರು, ತೀರ್ಥಹಳ್ಳಿ
ಬಹಳ ಒಳ್ಳೆಯ ಪ್ರಶ್ನೆ ತಂಗೀ. ಇಡೀ ಪಾಠದ ಬುಡ ಇಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದು.

ನಿಮ್ಮ ಊರಿನ ಪಕ್ಕದ ಯಾವುದಾದರೂ ಗದ್ದೆ ನೆನಪಿಸಿಕೋ. ಕೊಯ್ಲಾದ ಮೇಲೆ ಭತ್ತ ಕಣಜಕ್ಕೆ ಹೋಗುತ್ತದೆ, ಹುಲ್ಲು ಬಣವೆಗೆ ಹೋಗುತ್ತದೆ. ಅಕ್ಕಿ ನಮಗೆ, ಹುಲ್ಲು ದನಕ್ಕೆ. ಒಂದೇ ಗಿಡ, ಒಂದೇ ಎಲೆ ಬಿಸಿಲಿನಲ್ಲಿ ಮಾಡಿದ ಒಂದೇ ಗ್ಲೂಕೋಸ್. 6 ಇಂಗಾಲ, 12 ಜಲಜನಕ, 6 ಆಮ್ಲಜನಕದ ಪರಮಾಣು. ಅಕ್ಕಿಯ ಪಿಷ್ಟವನ್ನು ಪೂರ್ತಿ ಒಡೆದರೂ ಗ್ಲೂಕೋಸ್ ಸಿಗುತ್ತದೆ, ಹುಲ್ಲಿನ ಸೆಲ್ಯುಲೋಸನ್ನು ಪೂರ್ತಿ ಒಡೆದರೂ ಅದೇ ಗ್ಲೂಕೋಸ್. ವ್ಯತ್ಯಾಸ ಇರುವುದು ಜೋಡಣೆಯಲ್ಲಿ ಮಾತ್ರ.

ಮನೆಯಲ್ಲಿ ಹೂ ಕಟ್ಟುವುದನ್ನು ನೋಡಿದ್ದೀಯಲ್ಲ. ಹೂವೆಲ್ಲ ಒಂದೇ ಕಡೆಗೆ ಮುಖ ಮಾಡುವ ಹಾಗೆ ಕಟ್ಟಿದರೆ ಮಾಲೆಗೆ ಒಂದು ರೂಪ. ಒಂದು ಬಿಟ್ಟು ಒಂದನ್ನು ತಿರುಗಿಸಿ ಕಟ್ಟಿದರೆ ಇನ್ನೊಂದು ರೂಪ. ಪಿಷ್ಟದಲ್ಲಿ ಗ್ಲೂಕೋಸ್‌ಗಳು ಒಂದೇ ಕಡೆ ಮುಖ ಮಾಡಿ ಸೇರಿವೆ. ಅದಕ್ಕೆ ಆಲ್ಫಾ ಬಂಧ ಅಂತಾರೆ. ಸರ ಸುರುಳಿಯಾಗುತ್ತದೆ, ನೀರು ಒಳಗೆ ಹೋಗುತ್ತದೆ, ಕಿಣ್ವವೂ ಒಳಗೆ ಹೋಗುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ತಿರುಗಿ ನಿಂತಿದೆ. ಅದು ಬೀಟಾ ಬಂಧ. ಆ ಸರ ನೇರವಾಗಿರುತ್ತದೆ. ನೇರ ಸರಗಳು ಪಕ್ಕಪಕ್ಕ ಒತ್ತಾಗಿ ಕೂತು ಒಂದನ್ನೊಂದು ಹಿಡಿದುಕೊಂಡು ನಾರಾಗುತ್ತವೆ. ನಮ್ಮ ಜೊಲ್ಲಿನಲ್ಲಿ, ಮೇದೋಜೀರಕದಲ್ಲಿ ಇರುವ ಅಮೈಲೇಸ್ ಆಲ್ಫಾ ಬಂಧ ಮಾತ್ರ ಕತ್ತರಿಸುತ್ತದೆ. ಬೀಟಾ ಬಂಧವನ್ನು ಮುಟ್ಟುವುದೂ ಇಲ್ಲ. ಹಾಗಾಗಿ ಹುಲ್ಲು ತಿಂದರೆ ನಮಗೆ ಹೊಟ್ಟೆ ತುಂಬಬಹುದು, ಶಕ್ತಿ ಬರುವುದಿಲ್ಲ.

ಈಗ ನಿನ್ನ ಪಾಠದ ಹೆಸರುಗಳು. ಒಂದೇ ಒಂದು ಸಕ್ಕರೆ ಘಟಕ ಇದ್ದರೆ ಮಾನೋಸ್ಯಾಕರೈಡ್: ಗ್ಲೂಕೋಸ್, ಫ್ರಕ್ಟೋಸ್, ಗ್ಯಾಲಕ್ಟೋಸ್. ಎರಡು ಸೇರಿದರೆ ಡೈಸ್ಯಾಕರೈಡ್. ಗ್ಲೂಕೋಸ್ ಜೊತೆ ಫ್ರಕ್ಟೋಸ್ ಸೇರಿದರೆ ಕಬ್ಬಿನ ಸುಕ್ರೋಸ್, ಗ್ಯಾಲಕ್ಟೋಸ್ ಸೇರಿದರೆ ಹಾಲಿನ ಲ್ಯಾಕ್ಟೋಸ್, ಇನ್ನೊಂದು ಗ್ಲೂಕೋಸೇ ಸೇರಿದರೆ ಮೇಲೆ ಹೇಳಿದ ಮಾಲ್ಟೋಸ್. ನೂರಾರು, ಸಾವಿರಾರು ಸೇರಿದರೆ ಪಾಲಿಸ್ಯಾಕರೈಡ್: ಪಿಷ್ಟ, ಸೆಲ್ಯುಲೋಸ್, ಗ್ಲೈಕೋಜನ್, ಕೈಟಿನ್. ಹೆಸರು ಬಾಯಿಪಾಠ ಆಗಿದೆ ಅಂದೆಯಲ್ಲ, ಇನ್ನು ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಕೇಳಿಕೋ. ಯಾವ ಘಟಕ, ಹೇಗೆ ಜೋಡಣೆ, ಅದನ್ನು ಬಿಚ್ಚುವವರು ಯಾರು? ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಪಿಯುಸಿ ಹುಡುಗಿ, ಶಿವಮೊಗ್ಗ
ಅಕ್ಕಿ, ಹುಲ್ಲು ಎರಡೂ ಗ್ಲೂಕೋಸ್! ಇದನ್ನು ಯಾರೂ ಹೀಗೆ ಹೇಳಿರಲಿಲ್ಲ ಸರ್. ತುಂಬಾ ಥ್ಯಾಂಕ್ಸ್.

ಗಿಡ್ಡ ದನದವ, ಹೊಸನಗರ
ಮೇಷ್ಟ್ರು ದನದ ವಿಷಯ ತೆಗೆದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇದನ್ನು ದಯವಿಟ್ಟು ಎಲ್ಲರೂ ಓದಿ.

ಹುಲ್ಲು ಕರಗಿಸುವ ಕಿಣ್ವ ದನಕ್ಕೂ ಸ್ವಂತದ್ದು ಇಲ್ಲ. ಅದರ ಹೊಟ್ಟೆಯ ಮೊದಲ ದೊಡ್ಡ ಚೀಲದಲ್ಲಿ, ರೂಮೆನ್ ಅಂತಾರಲ್ಲ ಅಲ್ಲಿ, ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಸೆಲ್ಯುಲೋಸ್ ಒಡೆಯುವುದು ಅವು. ಅವು ಹುದುಗಿಸಿ ಬಿಡುವ ಸಣ್ಣ ಆಮ್ಲಗಳೇ ದನದ ಮುಖ್ಯ ಶಕ್ತಿ. ನಮ್ಮ ಮಲೆನಾಡು ಗಿಡ್ಡ ತಳಿಯ ದನ ಗುಡ್ಡದ ಒರಟು ಹುಲ್ಲು ಮೇಯ್ದು ಬದುಕುವುದು ಈ ಸೂಕ್ಷ್ಮಜೀವಿಗಳ ಬಲದಿಂದ.

ಮದುವೆ, ಗೃಹಪ್ರವೇಶ ಮುಗಿದ ಮೇಲೆ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ದನದ ಮುಂದೆ ಸುರಿಯುತ್ತಾರೆ. ಪುಣ್ಯದ ಕೆಲಸ ಅಂತಲೇ ಮಾಡುತ್ತಾರೆ. ಆದರೆ ಅನ್ನದ ಪಿಷ್ಟ ರೂಮೆನ್‌ನಲ್ಲಿ ಬಹಳ ಬೇಗ ಹುದುಗುತ್ತದೆ. ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಹುಲ್ಲು ಒಡೆಯುವ ಸೂಕ್ಷ್ಮಜೀವಿಗಳು ಆ ಹುಳಿಯಲ್ಲಿ ಸಾಯುತ್ತವೆ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಮಲಗಿದ್ದು ಏಳುವುದಿಲ್ಲ. ನಮ್ಮ ಕೇರಿಯಲ್ಲಿ ಹೀಗೆ ಹಾಲು ಕರೆಯುವ ಹಸುವೊಂದು ಸತ್ತಿದೆ. ಒಂದೆರಡು ಹಿಡಿ ಅನ್ನ ಪರವಾಗಿಲ್ಲ. ರಾಶಿ ಬೇಡ. ಹೆಚ್ಚು ತಿಂದಿದೆ ಅಂತ ಗೊತ್ತಾದರೆ ಉಬ್ಬರ ಬರಲಿ ಅಂತ ಕಾಯಬೇಡಿ, ಆಗಲೇ ಪಶುವೈದ್ಯರಿಗೆ ಫೋನ್ ಮಾಡಿ.

ಸಾಗರದ ಸೊಸೆ
ಅಣ್ಣಾ, ಇದು ನಮ್ಮ ಕಡೆ ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ಊರಿನ ಗುಂಪಿಗೆ ಈಗಲೇ ಕಳಿಸುತ್ತೇನೆ.

ಪೇಪರ್ ಟೌನ್, ಭದ್ರಾವತಿ
ಸೆಲ್ಯುಲೋಸ್ ಅಂದ ಕೂಡಲೇ ನಮ್ಮ ಊರು ನೆನಪಾಯಿತು. 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ ಇಲ್ಲಿಯದು. ಅಲ್ಲೇ ಸಕ್ಕರೆ ತಯಾರಿಯೂ ಇತ್ತು. ನಾನು ಈಗ ಯೋಚಿಸಿದರೆ ಅದೊಂದು ಆಶ್ಚರ್ಯ. ಒಂದೇ ಕಬ್ಬು. ರಸದಿಂದ ಸುಕ್ರೋಸ್, ಉಳಿದ ಸಿಪ್ಪೆಯಿಂದ ಕಾಗದ. ಮೇಷ್ಟ್ರು ಹೇಳಿದ ಅಕ್ಕಿ ಹುಲ್ಲಿನ ಮಾತೇ ಇದು.

ಬಿದಿರನ್ನು ಚೂರು ಮಾಡಿ ಕ್ಷಾರದ ರಸಾಯನದಲ್ಲಿ ಒತ್ತಡ ಕೊಟ್ಟು ಬೇಯಿಸುತ್ತಾರೆ. ಆಗ ಲಿಗ್ನಿನ್ ಕರಗಿ ಹೋಗುತ್ತದೆ. ನಾರಿನ ನಡುವೆ ತುಂಬಿ ಮರಕ್ಕೆ ಗಟ್ಟಿತನ ಕೊಡುವುದು ಅದು. ಅದು ಮಾತ್ರ ಕಾರ್ಬೋಹೈಡ್ರೇಟ್ ಅಲ್ಲ. ಅದು ಹೋದ ಮೇಲೆ ಉಳಿಯುವ ತಿರುಳು ಬಹುಪಾಲು ಸೆಲ್ಯುಲೋಸ್. ಹಳೇ ಪತ್ರಿಕೆ ಹಳದಿಯಾಗುವುದು ಅದರಲ್ಲಿ ಲಿಗ್ನಿನ್ ಉಳಿದಿರುವುದರಿಂದ. ಇನ್ನೊಂದು ವಿಷಯ. ಬಿದಿರು ಕಡಿದು ಹಾಗೇ ಇಟ್ಟರೆ ಹುಳ ಬಿದ್ದು ಪುಡಿ ಉದುರುತ್ತದೆ ನೋಡಿ, ಆ ಹುಳಕ್ಕೆ ಬೇಕಿರುವುದು ನಾರಲ್ಲ, ಒಳಗಿನ ಪಿಷ್ಟ. ಹಳಬರು ಕಡಿದ ಬಿದಿರನ್ನು ಹಳ್ಳದ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಿದ್ದರು. ಪಿಷ್ಟ, ಸಕ್ಕರೆ ತೊಳೆದು ಹೋದರೆ ಹುಳಕ್ಕೆ ಅದರಲ್ಲಿ ಏನೂ ಸಿಗುವುದಿಲ್ಲ.

ಕೊಪ್ಪದ ಕಾಫಿ
ಕಳಲೆ ನೀರಿನಲ್ಲಿ ಹಾಕಿಡುವುದೂ ಇದಕ್ಕೇನಾ?

ಬಯಾಲಜಿ ಮೇಷ್ಟ್ರು, ತೀರ್ಥಹಳ್ಳಿ
ಅಲ್ಲ, ಅದು ಬೇರೆ. ಆದರೆ ಅಲ್ಲಿಯೂ ಸಕ್ಕರೆ ಇದೆ! ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತು ಇದೆ. ಗ್ಲೂಕೋಸಿಗೆ ಅಂಟಿಕೊಂಡ ವಿಷ ಅದು. ಗ್ಲೂಕೋಸ್ ಅಂಟಿರುವ ತನಕ ಗಿಡಕ್ಕೆ ತೊಂದರೆ ಇಲ್ಲ. ಪ್ರಾಣಿ ಕಚ್ಚಿದಾಗ ಜೀವಕೋಶ ಒಡೆದು, ಕಿಣ್ವ ಸೇರಿ, ಗ್ಲೂಕೋಸ್ ಕಳಚಿ ಸಯನೈಡ್ ಹೊರಬರುತ್ತದೆ. ಗಿಡ ತನ್ನ ಎಳೆಯ ಭಾಗ ಕಾಪಾಡಿಕೊಳ್ಳುವ ರೀತಿ ಅದು. ಕಳಲೆ ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ಇಟ್ಟು, ಚೆನ್ನಾಗಿ ಬೇಯಿಸಿ ನೀರು ಚೆಲ್ಲಿದರೆ ಆ ವಿಷ ಹೋಗುತ್ತದೆ. ಇದರಲ್ಲಿ ಅವಸರ ಬೇಡವೇ ಬೇಡ.

ಆಲೆಮನೆ ಹುಡುಗ
ನಮ್ಮದು ಜೋನಿ ಬೆಲ್ಲ ಮಾಡುವ ಮನೆ. ಒಂದು ಅನುಮಾನ. ಕೆಲವು ಸಲ ಬೆಲ್ಲ ಗಟ್ಟಿ ಮಾಡಬೇಕು ಅಂದರೂ ಆಗುವುದಿಲ್ಲ, ಜೋನಿಯೇ ಆಗುತ್ತದೆ. ಕಡಿದ ಕಬ್ಬು ಕಣದಲ್ಲಿ ಬಿದ್ದಿದ್ದರೆ ಹೀಗಾಗುತ್ತದೆ ಅಂತ ಅಪ್ಪ ಹೇಳುತ್ತಾರೆ. ಕಬ್ಬು ಬಿದ್ದಿದ್ದರೆ ಒಣಗಬೇಕು ತಾನೇ? ಗಟ್ಟಿ ಯಾಕೆ ಆಗುವುದಿಲ್ಲ?

ಬಯಾಲಜಿ ಮೇಷ್ಟ್ರು, ತೀರ್ಥಹಳ್ಳಿ
ತಮ್ಮಾ, ಬೆಲ್ಲ ಗಟ್ಟಿಯಾಗುವುದು ಸುಕ್ರೋಸ್ ಹರಳುಗಟ್ಟುವುದರಿಂದ. ಒಂದೇ ಬಗೆಯ ಅಣುಗಳು ಸಾಲಾಗಿ ಜೋಡಿಕೊಂಡರೆ ಹರಳು. ಕಡಿದ ಕಬ್ಬಿನಲ್ಲಿ ಇನ್ವರ್ಟೇಸ್ ಎಂಬ ಕಿಣ್ವ ಸುಮ್ಮನೆ ಕೂರುವುದಿಲ್ಲ. ಸುಕ್ರೋಸನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತಾ ಹೋಗುತ್ತದೆ. ಈ ಎರಡು ನಡುವೆ ಬಂದು ಕೂತರೆ ಸುಕ್ರೋಸಿಗೆ ಸಾಲು ಕಟ್ಟಲು ಆಗುವುದಿಲ್ಲ. ರಸ ಹುಳಿಯಾದರೂ, ಬಹಳ ಹೊತ್ತು ಕುದಿಸಿದರೂ ಇದೇ ಆಗುತ್ತದೆ. ಗಟ್ಟಿ ಬೆಲ್ಲ ಮಾಡುವವರು ರಸಕ್ಕೆ ಸುಣ್ಣದ ನೀರು ಹಾಕುತ್ತಾರಲ್ಲ, ಹುಳಿ ಕಡಿಮೆ ಮಾಡಿ ಸುಕ್ರೋಸ್ ಒಡೆಯದ ಹಾಗೆ ನೋಡಿಕೊಳ್ಳಲು. ಕೊಳೆ ತೆಗೆಯಲೂ ಅದು ಸಹಾಯ ಮಾಡುತ್ತದೆ.

ಜೋನಿಯನ್ನು ಬೇಕೆಂದೇ ಮಾಡುವಾಗ ಬೇಗ ಇಳಿಸುತ್ತೀರಿ. ನೀರಿನ ಅಂಶ ಉಳಿಯುತ್ತದೆ, ಹರಳು ಕಟ್ಟುವುದಿಲ್ಲ. ಗಟ್ಟಿ ಬೆಲ್ಲಕ್ಕೆ 118 ಡಿಗ್ರಿಯ ಹತ್ತಿರ ಹೋಗಬೇಕು, ಜೋನಿಗೆ 105ರ ಆಸುಪಾಸು ಸಾಕು. ನಿಮ್ಮ ಅಪ್ಪ ಕೊಪ್ಪರಿಗೆಯ ಗುಳ್ಳೆ ನೋಡಿ, ಎಳೆ ನೋಡಿ ಹೇಳುವುದು ಇದೇ ಲೆಕ್ಕ. ಕಬ್ಬು ಕಡಿದ ದಿನವೇ ಅರೆಯಿರಿ.

ತುಡುವೆ ಜೇನು
ಜೇನಿನಲ್ಲಿ ಇದರ ಉಲ್ಟಾ. ಹೂವಿನ ಮಕರಂದದಲ್ಲಿ ಸುಕ್ರೋಸ್ ಇರುತ್ತದೆ. ಹುಳಗಳು ಅದಕ್ಕೆ ತಮ್ಮ ಇನ್ವರ್ಟೇಸ್ ಸೇರಿಸಿ ಬೇಕೆಂದೇ ಒಡೆಯುತ್ತವೆ. ತುಪ್ಪದಲ್ಲಿ ಕೊನೆಗೆ ಇರುವುದು ಹೆಚ್ಚಾಗಿ ಫ್ರಕ್ಟೋಸ್, ಗ್ಲೂಕೋಸ್, ಸ್ವಲ್ಪ ನೀರು. ಹಾಗಾಗಿಯೇ ಅಷ್ಟು ದಟ್ಟವಾಗಿದ್ದೂ ಹರಿಯುತ್ತದೆ, ಕೆಡುವುದಿಲ್ಲ.

ಇಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಚಳಿಗೆ ಜೇನುತುಪ್ಪ ತಳದಲ್ಲಿ ಗಟ್ಟಿಯಾದರೆ "ಸಕ್ಕರೆ ಪಾಕ ಬೆರೆಸಿದ್ದಾರೆ" ಅಂತ ವಾಪಸ್ ತರುತ್ತಾರೆ. ಅದು ಗ್ಲೂಕೋಸ್ ಹರಳು. ಫ್ರಕ್ಟೋಸಿನಷ್ಟು ಅದು ನೀರಿನಲ್ಲಿ ಕರಗಿರುವುದಿಲ್ಲ, ಅದಕ್ಕೆ ಬೇರೆಯಾಗಿ ನಿಲ್ಲುತ್ತದೆ. ಶುದ್ಧ ಜೇನೂ ಹರಳುಗಟ್ಟುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಾಟಲಿ ಇಡಿ, ಕರಗುತ್ತದೆ. ಮಳೆಗಾಲದ ತುಪ್ಪ ನೀರು ಜಾಸ್ತಿ ಇದ್ದು ಹುಳಿಯಾಗಬಹುದು, ಅದಕ್ಕೇ ಮೇಣದ ಮುಚ್ಚಳ ಹಾಕದ ಕೋಣೆಗಳ ತುಪ್ಪ ನಾವು ತೆಗೆಯುವುದಿಲ್ಲ. ಇನ್ನೊಂದು, ಜೇನುಹುಳದ ಮೈಯ ದ್ರವದಲ್ಲಿ ಟ್ರೆಹಲೋಸ್ ಎಂಬ ಸಕ್ಕರೆ ಓಡಾಡುತ್ತದೆ. ಎರಡು ಗ್ಲೂಕೋಸ್ ಸೇರಿದ್ದು. ಹಾರಾಟಕ್ಕೆ ಅದೂ ಇಂಧನ.

ನರ್ಸಕ್ಕ, ಸೊರಬ
ಒಂದು ವರ್ಷ ತುಂಬದ ಮಕ್ಕಳಿಗೆ ಮಾತ್ರ ಜೇನು ನೆಕ್ಕಿಸಬೇಡಿ. ಬೊಟುಲಿಸಂ ಎಂಬ ಕಾಯಿಲೆಯ ಬೀಜಾಣು ಅದರಲ್ಲಿ ಇರಬಹುದು.

ಹಳ್ಳಿ ಮನೆ
ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಪೂರ್ತಿ ಬಿಡಿಸಿದ್ದೇವೆ. ಕಾಫಿಗೆ ಬೆಲ್ಲ, ಬೇಕಾದರೆ ಜೇನು. ನೈಸರ್ಗಿಕ ಆಗಿರುವುದರಿಂದ ತೊಂದರೆ ಇಲ್ಲ ಅಲ್ವಾ?

ನರ್ಸಕ್ಕ, ಸೊರಬ
ತೊಂದರೆ ಇದೆ ಅಕ್ಕಾ, ದಯವಿಟ್ಟು ಕೇಳಿ. ಬೆಲ್ಲದಲ್ಲೂ ಬಹುಪಾಲು ಅದೇ ಸುಕ್ರೋಸ್. ಜೇನಿನಲ್ಲಿ ಒಡೆದ ಸಕ್ಕರೆಯೇ ಇದೆ ಅಂತ ಮೇಲೆ ಹೇಳಿದರಲ್ಲ. ರಕ್ತಕ್ಕೆ ಇವೆಲ್ಲ ಸಕ್ಕರೆಯೇ.

ಇನ್ನೂ ಮುಖ್ಯವಾದದ್ದು ಅನ್ನ. ಆರೋಗ್ಯವಂತರ ಇಡೀ ಮೈಯ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ. ಒಂದು ಚಮಚದಷ್ಟು. 200 ಗ್ರಾಂ ಅನ್ನ ಉಂಡರೆ 50 ಗ್ರಾಮಿಗೂ ಜಾಸ್ತಿ ಪಿಷ್ಟ ಹೊಟ್ಟೆಗೆ ಹೋಗುತ್ತದೆ. ಅದೆಲ್ಲ ಗ್ಲೂಕೋಸಾಗಿ ರಕ್ತಕ್ಕೆ ಬರುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡಿದರೆ ಪಿತ್ತಜನಕಾಂಗ, ಸ್ನಾಯು ಅದನ್ನು ಎಳೆದುಕೊಂಡು ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತವೆ. ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ರಾತ್ರಿ ನಾವು ಮಲಗಿದಾಗ ಮಿದುಳಿಗೆ ಗ್ಲೂಕೋಸ್ ಹೋಗುವುದು ಪಿತ್ತಜನಕಾಂಗದ ಆ ಸಂಗ್ರಹದಿಂದ. ಸಕ್ಕರೆ ಕಾಯಿಲೆಯಲ್ಲಿ ಈ ಏರ್ಪಾಡು ಕೆಟ್ಟಿರುತ್ತದೆ. ಕಾಫಿಯ ಒಂದು ಚಮಚ ಸಕ್ಕರೆ ಬಿಡಿಸಿ, ಮೂರು ಹೊತ್ತು ತಟ್ಟೆ ತುಂಬಾ ಬಿಳಿ ಅನ್ನ ಬಡಿಸಿದರೆ ಪ್ರಯೋಜನ ಕಡಿಮೆ.

ಅನ್ನ ಬಿಡಿ ಅಂತ ನಾನು ಹೇಳುತ್ತಿಲ್ಲ. ಅಳತೆ ಇರಲಿ. ಪಲ್ಯ, ಸೊಪ್ಪು, ಕಾಳು ಜಾಸ್ತಿ ಇರಲಿ. ನಾರು ಇದ್ದರೆ ಪಿಷ್ಟ ನಿಧಾನಕ್ಕೆ ಒಡೆಯುತ್ತದೆ. ಕುಚ್ಚಲಕ್ಕಿ ಸಾಮಾನ್ಯವಾಗಿ ಬೆಳ್ತಿಗೆ ಅಕ್ಕಿಗಿಂತ ನಿಧಾನ, ಆದರೆ ಅದೂ ಪಿಷ್ಟವೇ. ಮಾತ್ರೆ, ಊಟ ಎರಡನ್ನೂ ಅವರ ಡಾಕ್ಟರ ಹತ್ತಿರ ಕೇಳಿಯೇ ಬದಲಾಯಿಸಿ.

ಬಯಾಲಜಿ ಮೇಷ್ಟ್ರು, ತೀರ್ಥಹಳ್ಳಿ
ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಮೂರು ತಿಂಗಳ ಸಕ್ಕರೆ ನೋಡಲು ಎಚ್‌ಬಿಎ1ಸಿ ಪರೀಕ್ಷೆ ಮಾಡುತ್ತಾರಲ್ಲ, ಅದರಲ್ಲಿ ಅಳೆಯುವುದು ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಗ್ಲೂಕೋಸನ್ನು. ಗ್ಲೂಕೋಸ್ ಪ್ರೋಟೀನಿಗೆ ಅಂಟುವುದೇ ಮಯಾರ್ ಕ್ರಿಯೆಯ ಮೊದಲ ಹೆಜ್ಜೆ. ಬಾಣಲೆಯಲ್ಲಿ ಹಪ್ಪಳಕ್ಕೆ ಕ್ಷಣದಲ್ಲಿ ಆಗುವುದರ ಮೊದಲ ಹಂತ ಮೈಯ ಬಿಸಿಯಲ್ಲಿ ವಾರಗಟ್ಟಲೆ ನಿಧಾನಕ್ಕೆ ನಡೆಯುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆದ್ದರಿಂದ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಊಟ ಕಡಿಮೆ ಮಾಡಿದರೆ ಅದು ಬದಲಾಗುವುದಿಲ್ಲ.

ಹಳ್ಳಿ ಮನೆ
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಾಳೆಯಿಂದ ಅನ್ನ ಅಳತೆ ಮಾಡಿಯೇ ಬಡಿಸುತ್ತೇನೆ. ನರ್ಸಕ್ಕನಿಗೆ ಋಣಿ.

ಅಡಿಕೆ ತೋಟ, ನಗರ ಹೋಬಳಿ
ಮೇಷ್ಟ್ರೇ, ಮೇಲೆ ಕೈಟಿನ್ ಅಂತ ಒಂದು ಹೆಸರು ಹೇಳಿ ಬಿಟ್ಟಿರಿ. ಅಡಿಕೆ ಕೊಳೆರೋಗದ ಶಿಲೀಂಧ್ರದಲ್ಲಿ ಅದು ಇರುತ್ತದೆ ಅಂತ ಎಲ್ಲೋ ಕೇಳಿದ ನೆನಪು.

ಬಯಾಲಜಿ ಮೇಷ್ಟ್ರು, ತೀರ್ಥಹಳ್ಳಿ
ಕೈಟಿನ್ ಕೂಡ ಸೆಲ್ಯುಲೋಸಿನ ಹಾಗೆ ಬೀಟಾ ಬಂಧದ ನೇರ ಸರ. ಆದರೆ ಪ್ರತಿ ಗ್ಲೂಕೋಸಿಗೂ ಸಾರಜನಕ ಇರುವ ಒಂದು ಗುಂಪು ಸೇರಿರುತ್ತದೆ. ಅಣಬೆಯ ಗೋಡೆಯಲ್ಲಿ ಅದಿದೆ. 1811ರಲ್ಲಿ ಆಂರಿ ಬ್ರಾಕೊನೊ ಎಂಬ ವಿಜ್ಞಾನಿ ಅದನ್ನು ಮೊದಲು ಬೇರ್ಪಡಿಸಿದ್ದೇ ಅಣಬೆಯಿಂದ. ಗದ್ದೆ ಏಡಿಯ ಚಿಪ್ಪಿನಲ್ಲಿ ಸುಣ್ಣದ ಜೊತೆ ಕೈಟಿನ್ ಇದೆ. ಜೀರುಂಡೆಯ ಮೈಯಲ್ಲಿ, ಮಂಗನ ಕಾಯಿಲೆ ಹರಡುವ ಉಣುಗಿನ ಹೊದಿಕೆಯಲ್ಲೂ ಇದೆ.

ಆದರೆ ಕೊಳೆರೋಗದ ಜೀವಿ ಫೈಟಾಫ್ತೊರಾ. ನೋಡಲು ಶಿಲೀಂಧ್ರದ ಹಾಗೇ ಇದೆ, ನಿಜವಾದ ಶಿಲೀಂಧ್ರ ಅಲ್ಲ. ಅದರ ಗೋಡೆ ಕಟ್ಟಿರುವುದು ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಅದೇ ಜಾತಿಯ ಗ್ಲೂಕಾನ್‌ಗಳಿಂದ. ಸಂಬಂಧದಲ್ಲಿ ಅದು ಕಂದು ಪಾಚಿಗೆ ಹತ್ತಿರ, ಅಣಬೆಗೆ ದೂರ. ಎಲೆಚುಕ್ಕಿ ರೋಗದ ಕೊಲೆಟೋಟ್ರೈಕಮ್ ಮಾತ್ರ ನಿಜವಾದ ಶಿಲೀಂಧ್ರ, ಅದರ ಗೋಡೆಯಲ್ಲಿ ಕೈಟಿನ್ ಇದೆ. ಒಂದೇ ತೋಟ, ಎರಡು ರೋಗ, ಜೀವಿಗಳು ಬೇರೆ ಬೇರೆ ಕುಲದವು. ಹಾಗಾಗಿ ಎಲೆಚುಕ್ಕಿಗೆ ಹೊಡೆಯುವ ಎಲ್ಲ ಔಷಧಿಯೂ ಕೊಳೆಗೆ ಹಿಡಿಯುವುದಿಲ್ಲ.

ಅಡಿಕೆ ತೋಟ, ನಗರ ಹೋಬಳಿ
ಅದಕ್ಕೇ ಕೊಳೆಗೆ ಈಗಲೂ ಬೋರ್ಡೋ ದ್ರಾವಣವೇ ಗತಿ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದು, ಬೋರ್ಡೋ ಹೊಡೆಯುವುದನ್ನು ರೈತರಿಗೆ ಕಲಿಸಿದರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಳೆ ಹಿಡಿಯುವ ಮುಂಚೆ ಒಂದು ಸಲ, ಬಿಡುವು ಸಿಕ್ಕಾಗ ಇನ್ನೊಂದು ಸಲ. ಔಷಧಿ ಅಂಗಡಿಯಲ್ಲಿ "ಎರಡಕ್ಕೂ ಇದೇ ಸಾಕು" ಅಂದರೆ ಒಪ್ಪಿಕೊಳ್ಳಬೇಡಿ, ಯಾವ ರೋಗಕ್ಕೆ ಅಂತ ಕೇಳಿ ತನ್ನಿ. ಮೇಷ್ಟ್ರು ಹೇಳಿದ ಮೇಲೆ ಕಾರಣ ಸ್ಪಷ್ಟವಾಯಿತು.

ಕೊಪ್ಪದ ಕಾಫಿ
ಹುತ್ತದ ಮೇಲೆ ಏಳುವ ಅಣಬೆಯ ಬಗ್ಗೆಯೂ ಹೇಳಿ. ಮೊದಲ ಮಳೆ, ಗುಡುಗು ಬಂದ ಮೇಲೆ ಅದಕ್ಕಾಗಿ ಕಾಯುವವರು ನಾವು.

ಬಯಾಲಜಿ ಮೇಷ್ಟ್ರು, ತೀರ್ಥಹಳ್ಳಿ
ಅದು ಗೆದ್ದಲು ಬೆಳೆಸುವ ಅಣಬೆ. ಗೆದ್ದಲು ಒಣ ಎಲೆ, ಕಡ್ಡಿ ತಂದು ಹುತ್ತದೊಳಗೆ ಅದನ್ನು ತಿಂದು ಹಾಕಿದ ಹಿಕ್ಕೆಯಿಂದ ಕಟ್ಟಿದ ಗೂಡುಗಳಲ್ಲಿ ಈ ಶಿಲೀಂಧ್ರ ಸಾಕುತ್ತದೆ. ಲಿಗ್ನಿನ್, ಸೆಲ್ಯುಲೋಸ್ ಒಡೆಯುವ ಕಷ್ಟದ ಕೆಲಸದಲ್ಲಿ ದೊಡ್ಡ ಪಾಲು ಶಿಲೀಂಧ್ರದ್ದು. ಹಾಗೆ ಮೆದುವಾದದ್ದನ್ನು ಗೆದ್ದಲು ತಿನ್ನುತ್ತದೆ. ಕಾಡಿನಲ್ಲಿ ಬಿದ್ದ ತರಗೆಲೆ ಗುಡ್ಡೆ ಗುಡ್ಡೆಯಾಗಿ ಉಳಿಯದೆ ಮಣ್ಣಿಗೆ ಸೇರುವುದು ಇಂಥವರಿಂದ. ಅಣಬೆಯೂ ತನ್ನ ಸಕ್ಕರೆಯನ್ನು ನಮ್ಮ ಹಾಗೇ ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಗಿಡದ ಹಾಗೆ ಪಿಷ್ಟವಾಗಿ ಅಲ್ಲ.

ಪಿಯುಸಿ ಹುಡುಗಿ, ಶಿವಮೊಗ್ಗ
ಸರ್, ಶಕ್ತಿ ಕೊಡುವುದು, ಗೋಡೆ ಕಟ್ಟುವುದು ಆಯಿತು. ಬೇರೆ ಕೆಲಸ ಇದೆಯಾ? ಮತ್ತೆ ಮನೆಯಲ್ಲೇ ಮಾಡಿ ನೋಡುವಂಥದ್ದು ಏನಾದರೂ ಹೇಳಿ.

ಬಯಾಲಜಿ ಮೇಷ್ಟ್ರು, ತೀರ್ಥಹಳ್ಳಿ
ಇದೆ. ನಿನ್ನ ಡಿಎನ್‌ಎಯ ಉದ್ದಕ್ಕೂ ಡೀಆಕ್ಸಿರೈಬೋಸ್ ಎಂಬ 5 ಇಂಗಾಲದ ಸಕ್ಕರೆ ಇದೆ. ಆರ್‌ಎನ್‌ಎಯಲ್ಲಿ ರೈಬೋಸ್. ಜೀವಕೋಶ ಶಕ್ತಿಗಾಗಿ ಬಳಸುವ ಎಟಿಪಿಯಲ್ಲೂ ರೈಬೋಸ್. ಅವು ಸುಡುವ ಸಕ್ಕರೆಗಳಲ್ಲ, ಕಟ್ಟಡದ ಭಾಗಗಳು. ಇನ್ನು ನಿನ್ನ ರಕ್ತದ ಗುಂಪು. ಎ, ಬಿ, ಒ ಅಂತ ಬೇರೆಯಾಗುವುದು ಕೆಂಪು ಕಣದ ಮೇಲಿನ ಸಕ್ಕರೆ ಸರದ ತುದಿಯಲ್ಲಿ. ಬಿ ಗುಂಪಿನವರಿಗೆ ತುದಿಯಲ್ಲಿ ಒಂದು ಗ್ಯಾಲಕ್ಟೋಸ್ ಹೆಚ್ಚು. ಎ ಗುಂಪಿಗೆ ಗ್ಯಾಲಕ್ಟೋಸಿನದೇ ಒಂದು ಬದಲಾದ ರೂಪ. ಒ ಗುಂಪಿಗೆ ಆ ತುದಿ ಖಾಲಿ. ಇಷ್ಟು ಸಣ್ಣ ಸಕ್ಕರೆ ತಪ್ಪಿದರೆ ತಪ್ಪು ರಕ್ತ ಕೊಟ್ಟಾಗ ಪ್ರಾಣವೇ ಹೋಗಬಹುದು.

ಮಾಡಿ ನೋಡಲು: ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ತಂದುಕೋ. ಸ್ವಲ್ಪ ನೀರು ಬೆರೆಸು. ಹಸಿ ಬಾಳೆಕಾಯಿಯ ಒಂದು ಬಿಲ್ಲೆ, ಚೆನ್ನಾಗಿ ಹಣ್ಣಾದದ್ದರ ಒಂದು ಬಿಲ್ಲೆ ಪಕ್ಕಪಕ್ಕ ಇಟ್ಟು ತಲಾ ಎರಡು ಹನಿ ಹಾಕು. ಕಾಯಿ ಕಪ್ಪು ನೀಲಿಯಾಗುತ್ತದೆ. ಹಣ್ಣಿನ ಮೇಲೆ ಅಯೋಡಿನ್ನಿನ ಕಂದು ಬಣ್ಣವೇ ಬಹುಮಟ್ಟಿಗೆ ಉಳಿಯುತ್ತದೆ. ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಹೋಗಿ ಕೂತಾಗ ನೀಲಿ. ಆಮೇಲೆ ಗಂಜಿ ತಿಳಿಗೆ ಒಂದು ಹನಿ ಹಾಕಿ, ನೀಲಿಯಾದ ಮೇಲೆ ಬಿಸಿ ಮಾಡು. ಸುರುಳಿ ಸಡಿಲಾಗಿ ಬಣ್ಣ ಮಾಯವಾಗುತ್ತದೆ. ತಣಿಯಲು ಬಿಡು, ಮತ್ತೆ ನೀಲಿ ಬರುತ್ತದೆ. ಕುದಿಸುತ್ತಾ ಕೂರಬೇಡ, ಅಯೋಡಿನ್ ಹಾರಿಹೋಗುತ್ತದೆ. ಅಯೋಡಿನ್ ಹಾಕಿದ್ದನ್ನು ಯಾರೂ ತಿನ್ನಬಾರದು, ಪಾತ್ರೆ ಬೇರೆ ಇರಲಿ.

ಪಿಯುಸಿ ಹುಡುಗಿ, ಶಿವಮೊಗ್ಗ
ಮಾಡಿದೆ ಸರ್! ಬಾಳೆಕಾಯಿ ಕಪ್ಪೇ ಆಯಿತು. ಅರೆ ಹಣ್ಣಾದ ಪುಟ್ಟಬಾಳೆಯೂ ಒಂದು ಇತ್ತು. ಅದರಲ್ಲಿ ಅಲ್ಲಲ್ಲಿ ನೀಲಿ, ಉಳಿದ ಕಡೆ ಇಲ್ಲ. ಗಂಜಿಯ ನೀಲಿ ಹೋಗಿ ಬಂದಿದ್ದು ನೋಡಿ ಅಮ್ಮ ಇನ್ನೊಂದು ಸಲ ಮಾಡಿಸಿದರು.

ಸಾಗರದ ಸೊಸೆ
ನರ್ಸಕ್ಕಾ, ಇನ್ನೊಂದು ಕೇಳಬೇಕಿತ್ತು. ಮಳೆ ಶುರುವಾದರೆ ಮಕ್ಕಳಿಗೆ ಭೇದಿ. ಅಂಗಡಿಯ ಗ್ಲೂಕೋಸ್ ಪುಡಿ ನೀರಿಗೆ ಕಲಸಿ ಕೊಟ್ಟರೆ ಸಾಕಾ?

ನರ್ಸಕ್ಕ, ಸೊರಬ
ಸಾಕಾಗುವುದಿಲ್ಲ. ಬರೀ ಗ್ಲೂಕೋಸ್ ದಟ್ಟವಾಗಿ ಕೊಟ್ಟರೆ ಅದು ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಜಾಸ್ತಿ ಮಾಡಬಹುದು. ಕೊಡಬೇಕಾದದ್ದು ಗ್ಲೂಕೋಸ್, ಉಪ್ಪು ಎರಡೂ ಇರುವ ಓಆರ್‌ಎಸ್. ಕರುಳಿನ ಗೋಡೆಯಲ್ಲಿ ಒಂದು ಪ್ರೋಟೀನ್ ಇದೆ. ಅದು ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಗೇ ಒಳಗೆ ಸೇರಿಸುತ್ತದೆ. ಅವೆರಡು ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ಭೇದಿ ಆಗುತ್ತಿದ್ದಾಗಲೂ ಈ ದಾರಿ ಕೆಲಸ ಮಾಡುತ್ತಿರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನಬಿಸ್ ಸಕ್ಕರೆ ಉಪ್ಪಿನ ಈ ನೀರನ್ನೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಬಂತು.

ಈಗ ಸಿಗುವ ಓಆರ್‌ಎಸ್‌ನಲ್ಲಿ 1 ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತದೆ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ತೆಳು ಗಂಜಿಯೂ ಒಳ್ಳೆಯದು, ಅದರ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗುತ್ತದೆ. ಎದೆಹಾಲು ನಿಲ್ಲಿಸಬೇಡಿ.

ಸಾಗರದ ಸೊಸೆ
ಒಂದೇ ಸಲಕ್ಕೆ ಒಂದು ಲೀಟರ್ ಮಗು ಕುಡಿಯುವುದಿಲ್ಲ. ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಸ್ವಲ್ಪ ಪುಡಿ ಹಾಕಿ ಕಲಸಬಹುದಾ?

ನರ್ಸಕ್ಕ, ಸೊರಬ
ಬೇಡ. ಅಂದಾಜಿನಲ್ಲಿ ದಟ್ಟ ಆಗಿಬಿಡುತ್ತದೆ. ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ 1 ಲೀಟರಿಗೆ ಕಲಸಿ ಮುಚ್ಚಿಡಿ. ಸಣ್ಣ ಪ್ಯಾಕೆಟ್ ಆದರೆ ಅದರ ಮೇಲೆ ಬರೆದಷ್ಟು ನೀರಿಗೆ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ ಹೊಸದು ಕಲಸಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಓಆರ್‌ಎಸ್ ಮತ್ತು ಜಿಂಕ್ ಮಾತ್ರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಸಿಗುತ್ತದೆ, ಮಳೆ ಹಿಡಿಯುವ ಮುಂಚೆಯೇ ಕೇಳಿ ತೆಗೆದಿಟ್ಟುಕೊಳ್ಳಿ.